ವಡಪಳನಿಯ ಅಲಸಂದೆ ಹೊಲ

ನಕ್ಷೆಯ ಮೇಲೆ ತನ್ನ ಮನೆ ಹಸಿರಾಗಿ ಹೊಳೆಯುತ್ತಿರುವುದು ಸುಶಮೀಂದ್ರನ ಕಣ್ಣಿಗೆ ಬಿದ್ದದ್ದು ಬೆಳಗಿನ ಮೀಟಿಂಗಿನ ನಡುವೆ, ಕಾಫಿ ಲೋಟ ತುಟಿಯ ಹತ್ತಿರ ಇದ್ದಾಗ. ಪೆರುಂಗುಡಿಯ ಆ ಆಫೀಸಿನಲ್ಲಿ ಗೋಡೆಯಗಲದ ಒಂದು ಪರದೆ. ಅದರಲ್ಲಿ ತಮಿಳುನಾಡು, ಮೇಲೆ ಒಂದಿಷ್ಟು ಕರ್ನಾಟಕ. ಕಂಪನಿಯ ಆ್ಯಪ್ ಹಾಕಿಕೊಂಡ ಒಬ್ಬೊಬ್ಬ ರೈತನ ಹೊಲಕ್ಕೂ ಅಲ್ಲಿ ಒಂದೊಂದು ಚುಕ್ಕಿ. ದಿನವೂ ತೆರೆದು ನೋಡುವವರದು ಹಸಿರು, ಆಗೀಗ ನೋಡುವವರದು ಹಳದಿ, ಹಾಕಿಸಿಕೊಂಡು ಮರೆತೇಬಿಟ್ಟವರದು ಬೂದು. ಮಂಡ್ಯ, ಚಾಮರಾಜನಗರ, ಧರ್ಮಪುರಿ, ಎಲ್ಲೆಲ್ಲೂ ಬೂದಿ ಚೆಲ್ಲಿದ ಹಾಗಿತ್ತು. ಹುಲ್ಲುಕಡ್ಡಿಗೂ ಜಾಗವಿಲ್ಲದ ಚೆನ್ನೈ ನಗರದ ನಟ್ಟನಡುವೆ, ವಡಪಳನಿಯಲ್ಲಿ, ಒಂದೇ ಒಂದು ಚುಕ್ಕಿ ಮಾತ್ರ ಕಣ್ಣಿಗೆ ಚುಚ್ಚುವಷ್ಟು ಹಸಿರಾಗಿತ್ತು. ವಿಘ್ನೇಶ್ ಅದರ ಮೇಲೆ ಲೇಸರ್ ಕಡ್ಡಿಯ ಕೆಂಪು ಬೆಳಕು ಬಿಟ್ಟು, "ಯಾರು ಸಾರ್ ಇವಂಗ?" ಎಂದ. ವಿಘ್ನೇಶ್ ಮೇಲಧಿಕಾರಿ, ಸುಶಮೀಂದ್ರನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಆದರೂ ಸಾರ್ ಎನ್ನುವುದನ್ನು ಬಿಟ್ಟಿರಲಿಲ್ಲ. ಆ ಸಾರ್‌ನಲ್ಲಿ ಗೌರವ ಎಷ್ಟು, ಕನಿಕರ ಎಷ್ಟು ಎಂದು ಸುಶಮೀಂದ್ರ ಒಂದೊಂದು ದಿನ ಒಂದೊಂದು ರೀತಿ ಲೆಕ್ಕ ಹಾಕುತ್ತಿದ್ದ. ಈಗ ಲೆಕ್ಕಕ್ಕೆ ಸಮಯವಿರಲಿಲ್ಲ. "ನಮ್ಮ ಕಡೆಯವರು, ವಯಸ್ಸಾದ ಹೆಂಗಸು" ಎಂದು ತಮಿಳಿನಲ್ಲಿ ಹೇಳಿ ಕಾಫಿ ಕುಡಿದ. ನಾಲಗೆ ಸುಟ್ಟಿತು.

ಅಮ್ಮ ಎಂದು ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಹೋದ ವರ್ಷ ಹೊಲಗಳ ಸಂಖ್ಯೆ ಏರಿಸಬೇಕೆಂದು ಕಂಪನಿಯವರೇ ಎಲ್ಲ ನೌಕರರಿಗೂ ಹೇಳಿದ್ದರು: ನಿಮ್ಮ ಬಂಧುಗಳು, ಸ್ನೇಹಿತರು, ಯಾರಾದರೂ ಸರಿ, ಒಂದಷ್ಟು ಜನರನ್ನು ಸೇರಿಸಿ. ವಿಘ್ನೇಶನೇ ಆವಡಿಯಲ್ಲಿರುವ ತನ್ನ ಮಾವನನ್ನು ಬತ್ತದ ರೈತನನ್ನಾಗಿ ಮಾಡಿದ್ದ. ಅದೆಲ್ಲ ನಗುತ್ತ ಮಾಡಿದ ಕೆಲಸ, ಮುಚ್ಚಿಡುವುದೇನೂ ಇರಲಿಲ್ಲ. ಆದರೆ ಈಗ ದೊಡ್ಡದೊಂದು ಗೊಬ್ಬರದ ಕಂಪನಿ ಇವರನ್ನು ಕೊಂಡುಕೊಳ್ಳಲು ಬಂದಿದೆ. ಅವರಿಗೆ ಬೇಕಾಗಿರುವುದು ಆ್ಯಪ್ ಅಲ್ಲ, ಆ್ಯಪಿನ ಮಾತು ಕೇಳುವ ರೈತರು. ಹಸಿರು ಚುಕ್ಕಿಗೆ ಬೆಲೆ, ಬೂದು ಚುಕ್ಕಿಗೆ ಇಲ್ಲ. ಅವರ ಪರಿಶೀಲಕರು ಬರುವುದರೊಳಗೆ ಹೊಲವಲ್ಲದ ಹೊಲಗಳನ್ನೆಲ್ಲ ಮುಚ್ಚಬೇಕು, ಇವತ್ತೇ ಮುಚ್ಚಬೇಕು ಎಂದು ವಿಘ್ನೇಶ್ ಹೇಳುತ್ತಿದ್ದ. ಇದೆಲ್ಲ ಸುಶಮೀಂದ್ರನಿಗೆ ಅರ್ಥವಾಗುತ್ತಿತ್ತು. ಅರ್ಥವಾಗದೆ ಉಳಿದದ್ದು ಬೇರೆ. ಬೇರೆಯವರ ಮಾವಂದಿರು, ಅತ್ತೆಯರು, ಮದುರೆಯ ಚಿತ್ತಪ್ಪಂದಿರು ಎಲ್ಲರೂ ಒಂದೇ ವಾರದಲ್ಲಿ ಬೂದು ಬಣ್ಣಕ್ಕೆ ತಿರುಗಿದ್ದರು. ತನ್ನ ಅಮ್ಮ ಮಾತ್ರ ವರ್ಷ ತುಂಬುತ್ತ ಬಂದರೂ ಹಸಿರಾಗಿಯೇ ಇದ್ದಾಳೆ. ದಿನವೂ ಅದನ್ನು ತೆರೆದು ಅವಳು ಮಾಡುವುದಾದರೂ ಏನು?

ಹೋದ ವರ್ಷದ ಒಂದು ಭಾನುವಾರ ಅವನು ಅಮ್ಮನ ಫೋನು ಹಿಡಿದುಕೊಂಡು ಅಪಾರ್ಟ್‌ಮೆಂಟಿನ ಸುತ್ತ ನಡೆದಿದ್ದ. ಹೊಲವನ್ನು ನೋಂದಾಯಿಸಬೇಕಾದರೆ ಬದುವಿನ ಮೇಲೆ ಒಂದು ಸುತ್ತು ನಡೆಯಬೇಕು, ಫೋನು ಹಿಂದೆಯೇ ಗೆರೆ ಎಳೆದುಕೊಂಡು ಬರುತ್ತದೆ. ಬೈಕುಗಳು, ಟ್ರಾನ್ಸ್‌ಫಾರ್ಮರು, ನೀರಿನ ಲಾರಿ ನಿಲ್ಲುವ ಜಾಗ, ಕೆಳಮನೆಯಲ್ಲಿರುವ ಸಿನಿಮಾ ಲೈಟ್‌ಬಾಯ್ ಒಣಹಾಕಿದ್ದ ಲುಂಗಿಗಳು, ಇವನ್ನೆಲ್ಲ ದಾಟಿ ಮತ್ತೆ ಗೇಟಿಗೆ ಬಂದು ನಿಂತಾಗ ಫೋನಿನಲ್ಲಿ ಮನೆಯ ಸುತ್ತ ಅಂಕುಡೊಂಕಾದ ಹಸಿರು ಬೇಲಿ ಮೂಡಿತ್ತು. ಬೆಳೆ ಯಾವುದು ಎಂದು ಕೇಳಿತು. ಪಟ್ಟಿಯಲ್ಲಿ ಬೆರಳಿಗೆ ಸಿಕ್ಕಿದ್ದು ಅಲಸಂದೆ. ಒತ್ತಿ, ಮೇಲೆ ಹೋಗಿ, ಅಮ್ಮನ ಕೈಗೆ ಫೋನು ಕೊಟ್ಟು, "ನೀನೀಗ ರೈತಳಾದೆ ಕಣಮ್ಮ" ಎಂದಿದ್ದ. ಅಮ್ಮ ಕನ್ನಡಕ ಹುಡುಕುತ್ತ, "ಎಷ್ಟು ಎಕರೆ?" ಎಂದು ಕೇಳಿದ್ದಳು. ಅವನು ನಕ್ಕು ಸ್ನಾನಕ್ಕೆ ಹೋಗಿದ್ದ. ಆಮೇಲೆ ಅವಳು ಬಾಲ್ಕನಿಯಲ್ಲಿ ಫೋನನ್ನು ಮುಖದ ಹತ್ತಿರ ಹಿಡಿದು ಕೂತಿರುವುದನ್ನು ಎಷ್ಟು ಸಲ ನೋಡಿದ್ದಾನೆ! ಯಾವುದೋ ಪ್ರವಚನ ಕೇಳುತ್ತಿರಬೇಕು ಅಂದುಕೊಂಡಿದ್ದ. ಪ್ರವಚನವಾಗಿದ್ದರೆ ಸದ್ದು ಬರಬೇಕಿತ್ತಲ್ಲ ಎಂದು ಈಗ, ಮೀಟಿಂಗು ಮುಗಿದು ಎಲ್ಲರೂ ಕುರ್ಚಿ ಹಿಂದೆ ತಳ್ಳುತ್ತಿರುವಾಗ, ಹೊಳೆಯಿತು.

ತನ್ನ ಜಾಗಕ್ಕೆ ಬಂದು ಅವಳ ಖಾತೆ ತೆರೆದ. ಹೀಗೆ ನೋಡುವುದು ಅವನ ಕೆಲಸವೇ. ಯಾವ ರೈತ ಯಾವ ಸಲಹೆ ಓದಿದ, ಯಾವುದಕ್ಕೆ ಉತ್ತರ ಒತ್ತಿದ ಎಂದು ದಿನವಿಡೀ ನೋಡುತ್ತಾನೆ, ಫೋನು ಮಾಡಿ ಕೇಳುತ್ತಾನೆ. ಆದರೆ ನಾಗರತ್ನಮ್ಮ ಎಂಬ ಹೆಸರಿನ ಮೇಲೆ ಬೆರಳಿಟ್ಟಾಗ ಅಮ್ಮನ ಟ್ರಂಕು ಅವಳಿಗೆ ಹೇಳದೆ ತೆಗೆಯುತ್ತಿರುವ ಹಾಗೆ ಸಂಕೋಚವಾಯಿತು. ಒಳಗೆ ನೋಡಿದರೆ ಒಂದು ದಿನವೂ ಬಿಟ್ಟಿಲ್ಲ. ನೀರು ಹಾಯಿಸಿದಿರಾ? ಹೌದು. ಎಲೆ ಹಳದಿಯಾಗಿದೆಯೇ? ಸ್ವಲ್ಪ. ಗಿಡಹೇನು ಕಾಣುತ್ತಿದೆಯೇ? ಮೊದಲು ಇಲ್ಲ, ಒಂದು ವಾರದ ನಂತರ ಹೌದು, ಬೇವಿನೆಣ್ಣೆ ಹೊಡೆದ ಮೇಲೆ ಮತ್ತೆ ಇಲ್ಲ. ಅಲಸಂದೆ ಬಿತ್ತಿದ್ದಾಳೆ, ಕಳೆ ಕಿತ್ತಿದ್ದಾಳೆ, ಕೊಯ್ದಿದ್ದಾಳೆ. ಆಮೇಲೆ ಎಳ್ಳು ಹಾಕಿದ್ದಾಳೆ. ಅವಳು ಹುಟ್ಟಿದ್ದು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ, ಬಾಳಿದ್ದೂ ಅಲ್ಲೇ. ಮಣ್ಣು ಅಂದರೆ ಅವಳಿಗೆ ತುಳಸಿಯ ಡಬ್ಬ, ಅದೂ ಎಣ್ಣೆ ತಗಡಿನದು. ಹೊಲದ ಒಳಗೆ ಕಾಲಿಟ್ಟದ್ದನ್ನು ಅವನಂತೂ ನೋಡಿಲ್ಲ. ಆದರೆ ಫೋನಿನ ವಿಷಯದಲ್ಲಿ ಅವಳು ಯಾವಾಗಲೂ ಹೀಗೇ ಅಲ್ಲವೇ! ಅವನು ಸ್ಕೂಲಿನಲ್ಲಿದ್ದಾಗ, ಅಪ್ಪ ಸೀತಾರಾಮರಾಯರಿಗೆ ರೈಲ್ವೆ ಇಲಾಖೆಯವರು ಕೊಟ್ಟಿದ್ದ ಕರೀ ಫೋನಿನಿಂದ ಸ್ಟೇಷನ್ನಿನ ವಿಚಾರಣೆಗೆ ಕರೆ ಮಾಡಿ, ತಾನು ಹತ್ತದ ರೈಲುಗಳು ಎಲ್ಲಿವೆ, ಎಷ್ಟು ತಡ ಎಂದು ಕೇಳುತ್ತಿದ್ದಳು. ಗುಂಟಕಲ್ಲಿನಲ್ಲಿ ಎಂಜಿನ್ ಕೆಟ್ಟಿದೆಯಂತೆ ರೀ, ಪಾಪ, ಎಂದು ಊಟ ಬಡಿಸುತ್ತ ಹೇಳುವಳು. ನಿನಗೆ ಯಾಕೆ ಬೇಕು ಊರ ಉಸಾಬರಿ ಎಂದು ಅಪ್ಪ ಸಿಡುಕುವರು. ಅವಳಿಗೆ ಗೊತ್ತಾಗಬೇಕಿತ್ತು, ಅಷ್ಟೇ. ಅಪ್ಪ ಹೋದ ಮೇಲೆ ಅವಳನ್ನು ವಡಪಳನಿಗೆ ಕರೆತಂದು ಒಂದು ರೂಮು ಕೊಟ್ಟದ್ದಾಯಿತು. ಅವನೂ ಹೆಂಡತಿ ವಂದನಾಳೂ ಬೆಳಿಗ್ಗೆ ಆಫೀಸುಗಳಿಗೆ ಓಡುತ್ತಾರೆ, ಸಂಜೆ ಬಂದು ಊಟ ಆಯ್ತಾ, ಮಾತ್ರೆ ತಗೊಂಡೆಯಾ ಎಂದು ವಿಚಾರಿಸುತ್ತಾರೆ. ಹೌದು ಎಂದು ಅವಳು ಹೇಳುವ ಹೊತ್ತಿಗೆ ಅವನ ಕಣ್ಣು ಟಿವಿಯ ಕಡೆಗೆ ಹೋಗಿರುತ್ತದೆ.

"ಈ ಹೆಂಗಸಿಗೆ ಫೋನ್ ಮಾಡುವಾಗ ನಾನೂ ಕೇಳುತ್ತೇನೆ" ಎಂದು ವಿಘ್ನೇಶ್ ಪಕ್ಕದ ಕುರ್ಚಿ ಎಳೆದುಕೊಂಡಾಗ ಸುಶಮೀಂದ್ರ ತನ್ನ ಕುರ್ಚಿಯನ್ನು ತುಸು ಬದಿಗೆ ಸರಿಸಿದ. ಹೊಲ ಮುಚ್ಚುವ ಮುನ್ನ ರೈತರಿಗೆ ಅವರ ಭಾಷೆಯಲ್ಲಿ ಕರೆ ಮಾಡಿ, ಗೊತ್ತುಪಡಿಸಿದ ಪ್ರಶ್ನೆಗಳನ್ನು ಗೊತ್ತುಪಡಿಸಿದ ಸಾಲಿನಲ್ಲೇ ಕೇಳಬೇಕೆಂಬುದು ಕಂಪನಿಯ ಪದ್ಧತಿ. ಕನ್ನಡದ ಕರೆಗಳಿಗೆ ಇರುವವನು ಅವನೊಬ್ಬನೇ. ವಿಘ್ನೇಶನಿಗೆ ಕನ್ನಡ ಬಾರದು, ಆದರೆ ಅರ್ಧಕ್ಕರ್ಧ ಹಿಡಿಯುತ್ತದೆ. ತಮಿಳು ಬೆರೆತ ಅಮ್ಮನ ಕನ್ನಡವಾದರೆ ಮುಕ್ಕಾಲು ಹಿಡಿಯುತ್ತದೆ. "ಇಷ್ಟೊಂದು ಹೊಲಗಳಲ್ಲಿ ಯಾರೂ ಮಾಡದ್ದನ್ನು ಇವರೊಬ್ಬರು ಯಾಕೆ ಮಾಡುತ್ತಿದ್ದಾರೆ ಎಂದು ನನಗೆ ತಿಳಿಯಬೇಕು ಸಾರ್" ಎಂದ ವಿಘ್ನೇಶ್, ಎರಡನೇ ಹೆಡ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ. ಅವನ ಮುಖದಲ್ಲಿ ಕುತ್ಸಿತವೇನೂ ಇರಲಿಲ್ಲ, ಹುಡುಗುತನದ ಆಸೆ ಇತ್ತು. ಆ ಕ್ಷಣದಲ್ಲೂ ಹೇಳಬಹುದಿತ್ತು, ಅವರು ನಮ್ಮ ತಾಯಿ ಎಂದು. ಬೆಳಿಗ್ಗೆ ಹತ್ತು ಜನರ ಎದುರು ನಮ್ಮ ಕಡೆಯವರು ಎಂದಾಗಿತ್ತಲ್ಲ, ಈಗ ಹೇಳಿದರೆ ಆಗಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಹೊಲವಿಲ್ಲದ ಮುದುಕಿಯೊಬ್ಬಳು ದಿನವಿಡೀ ಫೋನಿನಲ್ಲಿ ಬೇಸಾಯ ಮಾಡುತ್ತಾಳೆ ಎಂಬುದು ನಾಚಿಕೆಯೋ? ಅವಳು ಅಷ್ಟು ಒಂಟಿ ಎಂಬುದು ಪರದೆಯ ಮೇಲೆ ಹೊಳೆಯುತ್ತಿದೆ ಎಂಬುದು ನಾಚಿಕೆಯೋ? ಯೋಚಿಸುತ್ತಿರುವಾಗಲೇ ಆ ಕಡೆ ಫೋನು ರಿಂಗಾಗತೊಡಗಿತ್ತು.

"ಹಲೋ."

"ನಮಸ್ಕಾರ. ನಾಗರತ್ನಮ್ಮನವರು ಮಾತಾಡ್ತಿರೋದಾ? ನಾನು ನಿಮ್ಮ ಹೊಲದ ಆ್ಯಪ್ ಕಂಪನಿಯಿಂದ ಉದಯ್ ಅಂತ." ಉದಯ್ ಎಂಬುದು ಅವನ ಫೋನಿನ ಹೆಸರು, ಸುಶಮೀಂದ್ರ ಎಂದರೆ ರೈತರು ಎರಡೆರಡು ಸಲ ಕೇಳುತ್ತಾರೆಂದು ಎಂದೋ ಇಟ್ಟುಕೊಂಡದ್ದು. ದನಿಯನ್ನು ಬೇಕೆಂದೇ ಇನ್ನಷ್ಟು ಮೂಗಿಗೆ ಏರಿಸಿದ್ದ.

ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು, ತನ್ನದೇ ಮನೆಯ ಕುಕ್ಕರು.

"ಹೌದಪ್ಪ, ನಾನೇ. ಹೇಳಿ."

ಹೇಳಿ! ಅಮ್ಮನ ಬಾಯಿಂದ ಬಹುವಚನ ಕೇಳಿ ಅವನಿಗೆ ಕುರ್ಚಿಯಿಂದ ಏಳಬೇಕೆನಿಸಿತು. ಗುರುತು ಸಿಗಲಿಲ್ಲವೇ? ಹೆತ್ತ ಮಗನ ದನಿ ಗುರುತು ಸಿಗಲಿಲ್ಲವೇ ಎಂದು ನೋವಾಯಿತು, ಸದ್ಯ ಸಿಗಲಿಲ್ಲವಲ್ಲ ಎಂದು ಸಮಾಧಾನವೂ ಆಯಿತು, ಎರಡೂ ಒಟ್ಟಿಗೇ ಆದವು. ರೈತ ಹೆಂಗಸರನ್ನೆಲ್ಲ ಅವನು ಅಮ್ಮಾ ಎಂದೇ ಕರೆಯುವುದು. ಹಾಗಾಗಿ ವಿಘ್ನೇಶನ ಎದುರೇ ಅವಳನ್ನೂ ಹಾಗೆಯೇ ಕರೆಯಬಹುದಾಗಿತ್ತು.

"ಈಗ ಹೊಲದಲ್ಲಿ ಯಾವ ಬೆಳೆ ಇದೆ ಅಮ್ಮಾ?"

"ಅಲಸಂದೆ. ಇಲ್ಲಿ ಕಾರಾಮಣಿ ಅಂತಾರಲ್ಲ, ಅದು. ಇದು ಎರಡನೇ ಸಲ. ಮಧ್ಯೆ ಎಳ್ಳು ಹಾಕಿದ್ದೆ, ಅದು ಹೋಯ್ತು."

"ಮುಂದಿನ ಹಂಗಾಮಿಗೆ ಯಾವ ಬೆಳೆ ಯೋಚನೆ ಮಾಡಿದ್ದೀರಿ?" ಪಟ್ಟಿಯಲ್ಲಿ ಮುಂದಿನ ಪ್ರಶ್ನೆ ಅದೇ ಆಗಿತ್ತು.

ಅಮ್ಮ ನಕ್ಕಳು. ಫೋನಿನಲ್ಲಿ ಆ ನಗು ಬಹಳ ಚಿಕ್ಕ ವಯಸ್ಸಿನದಾಗಿ ಕೇಳಿಸಿತು. "ನೀವೂ ಅದನ್ನೇ ಕೇಳಿದ್ರಿ ನೋಡಿ! ಆ ಎಳ್ಳನ್ನ ನಾನೇ ಸಾಯಿಸಿದ್ದು ಕಣಪ್ಪ. ಚುಮ್ಮಾ, ಏನು ಹೇಳತ್ತೆ ನೋಡೋಣ ಅಂತ. ದಿನಾ ನೀರು ಬಿಟ್ಟೆ, ನೀರು ಬಿಟ್ಟೆ ಅಂತ ಒತ್ತಿದೆ. ಎಳ್ಳಿಗೆ ನೀರು ನಿಲ್ಲಬಾರದು, ಬೇಡ ಬೇಡ ಅಂತ ಪಾಪ ಅದು ಎಷ್ಟು ಬಡ್ಕೊಂತು. ನಾನು ಬಿಡಲಿಲ್ಲ. ಅಪ್ಪುರಂ, ಆಮೇಲೆ ಒಂದಿನ ಬೆಳೆ ಹೋಯ್ತು ಅಂತ ಒತ್ತಿಬಿಟ್ಟೆ. ಯಾಕೆ ಹೋಯ್ತು ಅಂತ ಕೇಳತ್ತೆ ಅಂದ್ಕೊಂಡೆ. ಕೇಳಲಿಲ್ಲ. ಮುಂದಿನ ಬೆಳೆ ಯಾವುದು ಅಂತು. ಅವತ್ತು ಸ್ವಲ್ಪ ಬೇಜಾರಾಯ್ತು."

ವಿಘ್ನೇಶ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದ. ಯಾಕೆ ಎಂದು ಸುಶಮೀಂದ್ರನೂ ಕೇಳಿರಲಿಲ್ಲ. ಹತ್ತಾರು ಸಲ ಬೆಳೆ ಹೋಯಿತು ಎಂದು ಫೋನಿನಲ್ಲಿ ಹೇಳಿದವರಿಗೆಲ್ಲ ಇದೇ ಪ್ರಶ್ನೆಯನ್ನು ಇದೇ ದನಿಯಲ್ಲಿ ಕೇಳಿದ್ದಾನೆ. ಅವರು ಒಂದು ಕ್ಷಣ ತಡೆದು ಮುಂದಿನ ಬೆಳೆಯ ಹೆಸರು ಹೇಳಿದ್ದಾರೆ. ಆ ತಡೆಯುವಿಕೆಯನ್ನು ಅವನು ಲೈನಿನ ದೋಷ ಎಂದುಕೊಂಡಿದ್ದ.

"ಹೊಲ ಎಲ್ಲಿದೆ ಅಮ್ಮಾ?"

"ಹೊಲ ಎಲ್ಲಿಂದ ಬರತ್ತೆ? ಮೊಟ್ಟಮಾಡಿಗೂ, ಅದೇ ತಾರಸಿಗೂ, ಅಸೋಸಿಯೇಷನ್‌ನವರು ಬೀಗ ಹಾಕಿ ಇಟ್ಟಿದ್ದಾರೆ, ಹಪ್ಪಳ ಒಣಗಿಸೋಕೂ ಬಿಡಲ್ಲ. ಬಿಲ್ಡಿಂಗ್ ಸುತ್ತ ಫೋನ್ ಹಿಡ್ಕೊಂಡು ಒಂದು ರೌಂಡ್ ಹೋಗಿ ಬಂದ್ರು, ಹೊಲ ಆಯ್ತು. ಮೇಲಿಂದ ಉಪಗ್ರಹ ನೋಡತ್ತಂತೆ ಅಲ್ವಾ? ಹಸಿರು ಸಾಲದು, ಯೂರಿಯಾ ಹಾಕಿ, ಯೂರಿಯಾ ಹಾಕಿ ಅಂತ ಬರ್ತಾನೇ ಇರತ್ತೆ. ಸಿಮೆಂಟಿಗೆ ಎಷ್ಟು ಅಂತ ಹಾಕಲಿ ನಾನು?"

"ಯಾರು... ಸುತ್ತು ಹಾಕಿದ್ದು ಯಾರು?" ಪಟ್ಟಿಯಲ್ಲಿ ಇಲ್ಲದ ಈ ಪ್ರಶ್ನೆ ಅವನ ಬಾಯಿಂದ ತಾನಾಗಿಯೇ ಬಂದಿತ್ತು. ವಿಘ್ನೇಶ್ ಮುಂದಕ್ಕೆ ಬಾಗಿದ.

"ಯಾರೋ. ನಮ್ಮ ಕಡೆಯವರು" ಎಂದಳು ಅಮ್ಮ.

ಬೆಳಿಗ್ಗೆ ತಾನು ತಮಿಳಿನಲ್ಲಿ ಆಡಿದ ಮಾತೇ ಈಗ ಕನ್ನಡದಲ್ಲಿ, ಕುಕ್ಕರಿನ ಸೀಟಿಯ ನಡುವಿನಿಂದ ವಾಪಸು ಬಂದಿತ್ತು. ಅವಳು ಆಡಿದಾಗ ಅದು ಎಷ್ಟು ಸಲೀಸಾಗಿತ್ತು, ಎಷ್ಟು ದೂರವಾಗಿತ್ತು! ಯಾಕೆ ಹಾಗೆ ಹೇಳಿದಳು? ಕಂಪನಿಯವರು ಮಗನನ್ನು ಏನಾದರೂ ಅಂದಾರು ಎಂದು ಕಾಪಾಡಿದಳೇ, ಅಥವಾ ಅವಳಿಗೂ ಹೇಳಿಕೊಳ್ಳಲು ನಾಚಿಕೆಯೇ? ಮುಂದಿನ ಪ್ರಶ್ನೆಯನ್ನು ಪರದೆ ನೋಡಿ ಓದಿದ. "ಬೇಸಾಯದ ವಿಷಯದಲ್ಲಿ ನಿಮ್ಮ ಮನೆಯಲ್ಲಿ ನಿರ್ಧಾರ ಮಾಡೋರು ಯಾರು?"

"ಹೊಲದ್ದು ನಾನೇ. ಮನೇದು ಬೇರೆಯವರು ನೋಡ್ಕೋತಾರೆ."

ವಿಘ್ನೇಶ್ ಕೈಸನ್ನೆ ಮಾಡುತ್ತಿದ್ದ: ಯಾಕೆ, ಯಾಕೆ ಎಂದು ಕೇಳಿ. ಅವನು ಕೇಳಿದ. ಹೊಲ ಇಲ್ಲದ ಮೇಲೆ ದಿನಾ ಯಾಕಮ್ಮಾ ನೋಡ್ತೀರಿ?

"ಅದು ಕೇಳತ್ತಲ್ಲಪ್ಪ" ಎಂದಳು ಅಮ್ಮ, ಇಷ್ಟೂ ಗೊತ್ತಾಗಲಿಲ್ಲವೇ ಎಂಬ ಹಾಗೆ. "ನಿನ್ನೆ ನೀರು ಹಾಕಿದ್ರಾ, ಎಲೆ ಹೇಗಿದೆ, ಹುಳ ಬಂತಾ ಅಂತ. ನಾನು ಏನು ಹೇಳ್ತೀನೋ ಅದನ್ನ ನೋಡ್ಕೊಂಡು ಮಾರನೇ ದಿನ ಬೇರೆ ಕೇಳತ್ತೆ. ನಿನ್ನೆ ಹಳದಿ ಅಂದ್ರೆ, ಇವತ್ತು ಯಾವ ಎಲೆ, ಮೇಲಿನದೋ ಕೆಳಗಿನದೋ ಅಂತ ಕೇಳತ್ತೆ. ನಾನು ಬಾಲ್ಕನೀಲಿ ಕೂತು ಯೋಚನೆ ಮಾಡಿ ಹೇಳ್ತೀನಿ. ಹೊತ್ತು ಹೋಗೋಕಲ್ಲ ಮತ್ತೆ, ಹೊತ್ತು ಹೋಗೋಕೆ ಟಿವಿ ಇದೆ. ನಾಳೆ ಏನು ಕೇಳತ್ತೋ ಅಂತ ಒಂದು ಕುತೂಹಲ."

ಇನ್ನು ಉಳಿದದ್ದು ಒಂದೇ ಸಾಲು. ಅದನ್ನು ಎಷ್ಟೋ ಜನಕ್ಕೆ ಹೇಳಿದ್ದಾನೆ, ಎದುರು ಕಡೆಯವರಿಗೆ ಅದರಿಂದ ಏನೂ ಆಗಿರಲಿಲ್ಲ, ಹ್ಞೂಂ ಎಂದು ಇಟ್ಟುಬಿಡುತ್ತಿದ್ದರು. "ಜಮೀನು ಇಲ್ಲದ ಖಾತೆಗಳನ್ನ ಇವತ್ತು ಮುಚ್ತಾ ಇದ್ದೀವಿ ಅಮ್ಮಾ. ನಿಮ್ಮ ಹೊಲಾನೂ ಮುಚ್ಚಬೇಕಾಗತ್ತೆ."

"ಅಲಸಂದೆ ಹೂವಿಗೆ ಬಂದಿದೆಯಲ್ಲ?"

ಹೂವು ಎಲ್ಲಿಯೂ ಇರಲಿಲ್ಲ. ಆದರೂ ಬಿಳಿಯೋ ನೇರಳೆಯೋ ಆದ ಸಣ್ಣ ಹೂವುಗಳು ಟ್ರಾನ್ಸ್‌ಫಾರ್ಮರಿನ ಕೆಳಗೆ, ಬೈಕುಗಳ ನಡುವೆ, ಲುಂಗಿಗಳ ನೆರಳಿನಲ್ಲಿ ಅವನಿಗೆ ಕಂಡವು.

"ಸರಿ ಬಿಡಿ. ನಿಮ್ಮ ಕೆಲಸ ನೀವು ಮಾಡಬೇಕಲ್ಲ" ಎಂದು ಅಮ್ಮನೇ ಫೋನು ಇಟ್ಟಳು.

ವಿಘ್ನೇಶ್ ಹೆಡ್‌ಫೋನು ತೆಗೆದು ಸ್ವಲ್ಪ ಹೊತ್ತು ಅದರ ವಯರು ಸುತ್ತುತ್ತ ಕೂತ. "ಪಾವಂ ಸಾರ್" ಎಂದು ಮರುಗಿದ. ಆಮೇಲೆ, ನಿಜವಾದ ರೈತರಲ್ಲಿ ಒಬ್ಬರಾದರೂ ಹೀಗೆ ಓದಿದ್ದರೆ ನಾವು ಯಾರಿಗೂ ಮಾರಿಕೊಳ್ಳಬೇಕಾಗಿರಲಿಲ್ಲ ಎಂದ. ಆಮೇಲೆ, ಮುಚ್ಚಿಬಿಡಿ ಎಂದು ಎದ್ದು ಹೋದ. ಸುಶಮೀಂದ್ರ ಮುಚ್ಚುವ ಗುಂಡಿ ಒತ್ತಿದ. ಕಾರಣ ಆರಿಸಿ ಎಂದು ಬಂತು: ಜಮೀನು ಮಾರಾಟ, ಮರಣ, ವಲಸೆ, ಜಮೀನಿಲ್ಲ, ಆಸಕ್ತಿ ಇಲ್ಲ. ಜಮೀನಿಲ್ಲ ಎಂಬುದೇ ಸತ್ಯ. ಅದನ್ನು ಒತ್ತಿದರೆ ಇನ್ನೊಂದು ಪುಟ ತೆರೆಯುತ್ತದೆಂದು ಅವನಿಗೆ ಗೊತ್ತು. ನೋಂದಾಯಿಸಿದವರು ಯಾರು, ರೈತರಿಗೂ ಅವರಿಗೂ ಏನು ಸಂಬಂಧ ಎಂದು ಕೇಳುತ್ತದೆ, ಬರೆದದ್ದು ಕೊಳ್ಳುವ ಕಂಪನಿಯವರ ಕೈಗೆ ಹೋಗುತ್ತದೆ. ಬೆರಳು ಅಲ್ಲೇ ಸ್ವಲ್ಪ ಸುಳಿದಾಡಿತು. ಆಸಕ್ತಿ ಇಲ್ಲ ಎಂಬುದಕ್ಕೆ ಮುಂದೆ ಪ್ರಶ್ನೆಗಳಿಲ್ಲ. ಅದನ್ನು ಒತ್ತಿದ. ವಡಪಳನಿಯ ಹಸಿರು ಚುಕ್ಕಿ ಸುತ್ತಲಿನ ಊರಿನ ಬಣ್ಣಕ್ಕೆ ಸೇರಿಹೋಯಿತು. ತನಗೆ ಹೇಸಿಗೆಯಾಗುತ್ತಿದೆ ಎಂದು ಅವನಿಗೆ ಸ್ಪಷ್ಟವಾಗಿಯೇ ಅನಿಸಿತು. ಎದ್ದು ನೀರು ಕುಡಿದು ಬಂದು ಮುಂದಿನ ಹೆಸರಿಗೆ ಫೋನು ಮಾಡಿದ.

ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಬಂದ. ಏನಾದರೂ ಕೊಂಡುಹೋಗಬೇಕೆನಿಸಿ ದೇವಸ್ಥಾನದ ಬೀದಿಯಲ್ಲಿ ಇಳಿದು, ಮಲ್ಲಿಗೆ ಕೊಂಡು, ಅಮ್ಮ ಹೂವು ಮುಡಿಯುವುದನ್ನು ಬಿಟ್ಟು ವರ್ಷಗಳಾದವು ಎಂದು ನೆನಪಾಗಿ, ಪೊಟ್ಟಣವನ್ನು ಬ್ಯಾಗಿನೊಳಗೆ ಹಾಕಿಕೊಂಡ. ದೇವರ ಪಟಕ್ಕೆ ಆಯಿತು ಎಂದುಕೊಂಡ. ದಾರಿಯುದ್ದಕ್ಕೂ ಅವನು ಮಾತು ಜೋಡಿಸುತ್ತಿದ್ದ. ಅಮ್ಮ ತಾನಾಗಿಯೇ ಹೇಳುತ್ತಾಳೆ, ಕಂಪನಿಯಿಂದ ಯಾರೋ ಫೋನು ಮಾಡಿದ್ದರು, ಹೊಲ ಮುಚ್ಚಿಬಿಟ್ಟರು ಎಂದು. ಆಗ ತಾನು ಆಶ್ಚರ್ಯಪಡಬೇಕು. ಹೌದಾ, ಯಾವಾಗ ಎನ್ನಬೇಕು. ವಿಚಾರಿಸುತ್ತೇನೆ ಎನ್ನಬೇಕು. ಗೇಟಿನ ಒಳಗೆ ಬರುವಾಗ ಟ್ರಾನ್ಸ್‌ಫಾರ್ಮರಿನ ಬುಡವನ್ನು ಬಾಗಿ ನೋಡಿದ. ಒಂದು ಬೀಡಿಯ ತುಂಡು, ಹಾಲಿನ ಖಾಲಿ ಪ್ಯಾಕೆಟು, ಅಷ್ಟೇ ಇದ್ದವು.

ವಂದನಾ ಇನ್ನೂ ಬಂದಿರಲಿಲ್ಲ. ಅಮ್ಮ ಬಾಲ್ಕನಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಫೋನು ಪಕ್ಕದ ಸ್ಟೂಲಿನ ಮೇಲೆ ಬೋರಲಾಗಿ ಬಿದ್ದಿತ್ತು. ಅವನು ಶೂ ಬಿಚ್ಚಿ ಬಂದು, "ಮಾತ್ರೆ ತಗೊಂಡ್ಯಾ?" ಎಂದ.

"ತಗೊಂಡೆ" ಎಂದಳು. ಇನ್ನೊಂದು ಹುರುಳಿಕಾಯಿ ಮುರಿದಳು. "ಉದಯ್ ಅಂತ ಹೆಸರು ಚೆನ್ನಾಗಿದೆ ಕಣೋ. ನಿಮ್ಮಪ್ಪ ಹಠ ಮಾಡ್ದೆ ಇದ್ದಿದ್ರೆ ಅಂಥದ್ದೇ ಚಿಕ್ಕದೊಂದು ಇಡಬಹುದಿತ್ತು."

ಅವನ ಬ್ಯಾಗು ಇನ್ನೂ ಹೆಗಲಿನಲ್ಲಿತ್ತು. "ನಿಂಗೆ ಯಾವಾಗ ಗೊತ್ತಾಯ್ತು?"

"ನಮಸ್ಕಾರ ಅಂದೆಯಲ್ಲ, ಆಗಲೇ. ಪಕ್ಕದಲ್ಲಿ ಯಾರೋ ಇದ್ದಾರೆ, ಅದಕ್ಕೆ ಹೀಗೆ ಮಾತಾಡ್ತಿದ್ದಾನೆ ಅಂದ್ಕೊಂಡೆ. ನಿನ್ನ ಕೆಲಸಕ್ಕೆ ಯಾಕೆ ತೊಂದರೆ ಅಂತ ನಾನೂ ಸುಮ್ನೆ ಹೇಳ್ತಾ ಹೋದೆ. ಚೆನ್ನಾಗಿ ಕೇಳ್ತೀಯ ಆಫೀಸಲ್ಲಿ." ಅವಳು ಸ್ಟೂಲಿನ ಮೇಲಿದ್ದ ಫೋನನ್ನು ತಿರುಗಿಸಿ ತೋರಿಸಿದಳು. ನಿಮ್ಮ ಖಾತೆಯನ್ನು ಮುಚ್ಚಲಾಗಿದೆ ಎಂದಿತ್ತು, ಹಿಂದೆ ಹಸಿರು ಬೇಲಿ ಇರಲಿಲ್ಲ. "ರೈಲ್ವೇಲಿ ಒಂದು ಟಿಕೆಟ್ ಕ್ಯಾನ್ಸಲ್ ಮಾಡಿದ್ರೂ ಕಾರಣ ಹಾಕ್ಬೇಕು ಅಂತಿದ್ರು ನಿಮ್ಮಪ್ಪ. ಇದಕ್ಕೇನು ಕಾರಣ ಹಾಕ್ದೆ?"

ಸುಳ್ಳು ಹೇಳಬಹುದಾಗಿತ್ತು, ಜಮೀನಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಬೆಳಗಿನ ಆ ಒಂದು ಸುಳ್ಳನ್ನು ಹೊತ್ತುಕೊಂಡು ತಿರುಗಿ ಅವನಿಗೆ ಸಾಕಾಗಿಹೋಗಿತ್ತು.

"ಆಸಕ್ತಿ ಇಲ್ಲ ಅಂತ" ಎಂದ.

ಅಮ್ಮನ ಕೈ ನಿಂತಿತು. ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು.

"ಯಾರಿಗೆ?"

ಅವಳ ದನಿಯಲ್ಲಿ ಕೋಪವಿರಲಿಲ್ಲ, ಕೊಂಕು ಕೂಡ ಇರಲಿಲ್ಲ. ಎಳ್ಳಿಗೆ ನೀರು ಬಿಟ್ಟೆ ಎಂದು ಒತ್ತಿ ಫೋನಿನ ಎದುರು ಹೇಗೆ ಕೂತಿದ್ದಳೋ ಹಾಗೆಯೇ, ಏನು ಹೇಳುತ್ತಾನೆ ನೋಡೋಣ ಎಂದು, ಹುರುಳಿಕಾಯಿಯನ್ನು ಕೈಯಲ್ಲೇ ಹಿಡಿದುಕೊಂಡು ಕಾಯುತ್ತಿದ್ದಳು.